ಹಡಗಿನ ಅಡುಗೆಯವನ ಒಪ್ಪಿಗೆ

ಇಡೀ ಹಂದಿಯನ್ನು ಕೆಂಡದ ಮೇಲೆ ತಿರುಗಿಸಿ ಸುಟ್ಟ ಲೆಚೊನ್ ಬೆಂಕಿಯಿಂದ ಇಳಿದ ಮೇಲೆ ಅದರ ಚರ್ಮ ಹೆಚ್ಚು ಹೊತ್ತು ಗರಿಗರಿಯಾಗಿ ಉಳಿಯುವುದಿಲ್ಲ. ಬಾಳೆಎಲೆ ಮುಚ್ಚಿಟ್ಟರೆ ಇನ್ನೂ ಬೇಗ ಮೆತ್ತಗಾಗುತ್ತದೆ, ಮುಚ್ಚದಿದ್ದರೆ ನೊಣ. ತೆಯೊದುಲ್ಫೊ ಗೆಲೆರಾನಿಗೆ ಇದು ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಅವನು ಅಡುಗೆಯವನು. ಹಾಗಿದ್ದೂ ಆ ಭಾನುವಾರ ಫಿಲಿಪೀನ್ಸಿನ ಗಿಂಬಾಲ್ ಊರಿನ ತನ್ನ ಮನೆಯಲ್ಲಿ, ತಾನು ಹೂಂ ಅನ್ನುವವರೆಗೆ ಯಾರೂ ಲೆಚೊನ್ ಮುಟ್ಟಕೂಡದು ಎಂದು ಅಪ್ಪಣೆ ಮಾಡಿದವನು ಅವನೇ. ಅಪ್ಪಣೆ ಮಾಡಿದವನು ಇದ್ದದ್ದು ಮಾತ್ರ ಜಪಾನಿನ ಕುರೆಹಾಮ ಬಂದರಿನಲ್ಲಿ, ಕಾಗದದ ಕಾರ್ಖಾನೆಗೆ ಮರದ ಚಕ್ಕೆ ಹೊತ್ತು ತಂದ ಹಡಗಿನಲ್ಲಿ.

ಅವನ ಮಗಳು ಜೆಸೆಲಳನ್ನು ಕೇಳಲು ಗಂಡಿನ ಕಡೆಯವರು ಬರುವ ದಿನ ಅದು. ಈ ಶಾಸ್ತ್ರಕ್ಕೆ ಅವರ ಕಡೆ ಪಮಲಾಯಿ ಎನ್ನುತ್ತಾರೆ. ಗಂಡಿನವರು ಅಡುಗೆ ಮಾಡಿಸಿ ಹೊತ್ತು ತರುತ್ತಾರೆ. ಅವರ ಪರವಾಗಿ ಒಬ್ಬ ಹಿರಿಯ ಎದ್ದು ನಿಂತು ಹೆಣ್ಣು ಕೇಳುತ್ತಾನೆ. ಹೆಣ್ಣಿನ ತಂದೆಗೆ ಷರತ್ತು ಏನಾದರೂ ಇದ್ದರೆ ಆಗ ಹೇಳಬೇಕು. ಅವನು ಒಪ್ಪಿದರೆ ಊಟ. ಊಟಕ್ಕೆ ಕೈ ಇಟ್ಟ ಮೇಲೆ ಷರತ್ತಿನ ಮಾತಿಲ್ಲ.

ದುಲ್ಫೊನ ಹತ್ತಿರ ಇದ್ದದ್ದು ಒಂದೇ ಷರತ್ತು. ಹುಡುಗ ಎಲ್ದ್ರಿನ್ ನಾವಿಕರ ಶಾಲೆ ಮುಗಿಸಿ ಹಡಗಿಗಾಗಿ ಕಾಯುತ್ತಿದ್ದವನು. ಮಗಳನ್ನು ಮದುವೆಯಾಗಲಿ, ಆದರೆ ಹಡಗು ಹತ್ತಬಾರದು. ಊರಿನ ಐಸ್ ಕಾರ್ಖಾನೆಯಲ್ಲಿ ದುಲ್ಫೊ ಅವನಿಗೊಂದು ಕೆಲಸವನ್ನೂ ಗೊತ್ತುಮಾಡಿಟ್ಟಿದ್ದ. ಇದನ್ನು ಹೆಂಡತಿ ನಾರ್ಮಿತಾಳಿಗೆ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಹೇಳಿದರೆ ಇಬ್ಬರೂ ಸೇರಿ ಉತ್ತರ ಸಿದ್ಧಮಾಡಿಕೊಳ್ಳುತ್ತಾರೆ. ಎರಡೂ ಕಡೆಯ ಹಿರಿಯರ ಎದುರಿಗೆ, ಯಾರೂ ಎದುರಾಡಲಾಗದ ಹೊತ್ತಿನಲ್ಲಿ, ಮುಖಕ್ಕೆ ಮುಖ ಕೊಟ್ಟು ಹೇಳಿಬಿಡಬೇಕೆಂಬುದು ಅವನ ಯೋಚನೆ. ಯೋಚನೆಯೇನೋ ಗಟ್ಟಿಯಾಗಿತ್ತು. ಮುಖಕ್ಕೆ ಮುಖ ಕೊಡಲು ಇಂಟರ್ನೆಟ್ಟು ಬೇಕಾಗಿತ್ತು, ಅಷ್ಟೆ.

ಹಡಗಿನಲ್ಲಿ ಇಂಟರ್ನೆಟ್ಟು ಇಲ್ಲವೆಂದಲ್ಲ. ಅದರಲ್ಲಿ ಅಕ್ಷರ ಹೋಗುತ್ತದೆ, ಮುಖ ಹೋಗುವುದಿಲ್ಲ. ಬಂದರಿನಲ್ಲಿ ಹಡಗಿಗೇ ಬಂದು ಸಿಮ್ ಮಾರುವವನೊಬ್ಬನಿದ್ದ. ಅವನು ಭಾನುವಾರ ಬರುವುದಿಲ್ಲ. ನಾವಿಕರ ಕ್ಲಬ್ಬೊಂದಿತ್ತು, ಅದು ಮುಚ್ಚಿ ಈಗ ಅಲ್ಲಿ ಟೈರು ಮಾರುತ್ತಾರೆ. ಉಳಿದದ್ದು ಊರಿನ ಪುಕ್ಕಟೆ ವೈಫೈ. ಜಪಾನಿನಂಥ ದೇಶದಲ್ಲಿ ಅದಕ್ಕೇನು ಬರ ಎಂದುಕೊಂಡು, ದುಲ್ಫೊ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಇಳಿಯುವ ಪಾಸು ಜೇಬಿಗಿಟ್ಟು, ಹಡಗಿನ ಏಣಿಯ ಹತ್ತಿರ ಬಂದ. ಅಲ್ಲಿ ಬೋಸನ್ ಸಬಾಸ್ ನಿಂತಿದ್ದ. ಡೆಕ್ಕಿನ ಕೆಲಸಗಾರರ ಮೇಸ್ತ್ರಿ, ದುಲ್ಫೊನ ಹಳೆಯ ಗೆಳೆಯ. ಷರತ್ತಿನ ವಿಷಯ ಗೊತ್ತಿದ್ದದ್ದು ಅವನೊಬ್ಬನಿಗೆ. ಹಡಗಿನಲ್ಲಿ ಮುಖ್ಯ ಅಡುಗೆಯವನನ್ನು ಎಲ್ಲರೂ ಮಯೋರ್ ಎಂದೇ ಕರೆಯುತ್ತಾರೆ.

"ಏನ್ ಮಯೋರ್, ಇಸ್ತ್ರಿ ಅಂಗಿ! ನಿನ್ನನ್ನೇ ಕೇಳೋಕೆ ಬರ್ತಿದಾರಾ?"

"ಬಾಯಿ ಮುಚ್ಚು. ಮೀನಿಗೆ ಉಪ್ಪು ಹಚ್ಚಿಟ್ಟಿದೀನಿ, ಯಾರೂ ಮುಟ್ಟದ ಹಾಗೆ ನೋಡ್ಕೋ."

"ಕತ್ತಲಾಗೋದ್ರೊಳಗೆ ಬಂದ್ಬಿಡು. ಇಲ್ಲಾಂದ್ರೆ ಕ್ಯಾಪ್ಟನ್ ನನ್ನ ಕೈಲಿ ಅನ್ನ ಮಾಡಿಸ್ತಾನೆ, ಹಡಗು ನಿಂತಲ್ಲೇ ಮುಳುಗುತ್ತೆ." ಸಬಾಸ್ ದನಿ ತಗ್ಗಿಸಿದ. "ಆ ಮಾತು ಹೇಳೇ ಹೇಳ್ತೀಯಾ?"

ದುಲ್ಫೊ ಹುಬ್ಬೆತ್ತಿದ. ಅವನ ಊರಿನವರು ಹೂಂ ಅನ್ನಲು ಬಾಯಿ ತೆರೆಯುವುದಿಲ್ಲ. ಎರಡೂ ಹುಬ್ಬು ಒಮ್ಮೆ ಮೇಲಕ್ಕೆ ಹೋದರೆ ಆಯಿತು. ಮಕ್ಕಳು ಮೇಷ್ಟರಿಗೆ, ಹೆಂಡತಿ ಗಂಡನಿಗೆ, ಅಂಗಡಿಯವನು ಗಿರಾಕಿಗೆ, ಎಲ್ಲರದೂ ಇದೇ ಉತ್ತರ.

"ನಿಮ್ಮಾವ ಹೀಗೇ ಷರತ್ತು ಹಾಕಿದ್ರೆ ಜೆಸೆಲ್ ಎಲ್ಲಿ ಹುಟ್ಟುತಿದ್ಲು?" ಎಂದ ಸಬಾಸ್.

"ಹಾಕಬೇಕಿತ್ತು," ಎಂದು ದುಲ್ಫೊ ಏಣಿ ಇಳಿದ.

ಅವನ ಮಾವ ಮೀನುಗಾರ, ಅವನ ಅಪ್ಪನೂ ಮೀನುಗಾರ. ಬೆಳಿಗ್ಗೆ ಸಮುದ್ರಕ್ಕೆ ಹೋದರೆ ಸಂಜೆಗೆ ಮನೆಗೆ ಬರುವುದನ್ನಷ್ಟೇ ಅವರು ಸಮುದ್ರ ಎಂದು ತಿಳಿದಿದ್ದವರು. ಹಡಗಿನವನಿಗೆ ಹೆಣ್ಣು ಕೊಟ್ಟರೆ ಏನು ಕೊಟ್ಟ ಹಾಗಾಗುತ್ತದೆ ಎಂದು ಮಾವನಿಗೆ ಗೊತ್ತಿರಲಿಲ್ಲ. ದುಲ್ಫೊ ಮನಿಲಾದಲ್ಲಿ ನಾವಿಕರು ಕೆಲಸಕ್ಕೆ ಕಾಯುವ ಬೀದಿಯಲ್ಲಿ ಒಂದು ಮಳೆಗಾಲವಿಡೀ ನಿಂತು, ಕಡೆಗೆ ಒಂದು ಹಡಗಿನಲ್ಲಿ ತಟ್ಟೆ ತೊಳೆಯುವ ಕೆಲಸ ಹಿಡಿದವನು. ಅಲ್ಲಿಂದ ಈರುಳ್ಳಿ ಹೆಚ್ಚುವ ಕೆಲಸ, ಅಲ್ಲಿಂದ ಒಲೆ. ಅಡುಗೆಯವನಾಗುವ ಹೊತ್ತಿಗೆ ಅವನಿಗೆ ಪ್ರಪಂಚದ ಅರ್ಧ ಬಂದರುಗಳ ಪರಿಚಯವಿತ್ತು. ಪರಿಚಯವೆಂದರೆ ಅಲ್ಲಿ ಮನೆಗೆ ಫೋನು ಮಾಡುವ ಜಾಗ ಎಲ್ಲಿದೆ ಎನ್ನುವಷ್ಟೇ.

ಜೆಸೆಲ್ ಹುಟ್ಟಿದ್ದು ಅವನಿಗೆ ಗೊತ್ತಾದದ್ದು ಒಂದು ಬಂದರಿನ ಫೋನ್ ಪೆಟ್ಟಿಗೆಯಲ್ಲಿ, ಹಿಂದೆ ಸಾಲಿನಲ್ಲಿ ನಿಂತವರ ಬೈಗುಳದ ನಡುವೆ. ಹೆಣ್ಣು ಎಂಬುದು ಕೇಳಿಸುವಷ್ಟರಲ್ಲಿ ಕಾರ್ಡಿನಲ್ಲಿದ್ದದ್ದು ಮುಗಿಯಿತು. ಹೆಸರು ಏನಿಟ್ಟರೆಂದು ತಿಳಿಯಲು ಇನ್ನೊಂದು ಸಮುದ್ರ ದಾಟಬೇಕಾಯಿತು. ಮುಂದೆ ಮೊಬೈಲು ಬಂತು, ವೀಡಿಯೋ ಬಂತು. ಇನ್ನೇನು ಬಿಡಿ, ಪಕ್ಕದ ಕೋಣೆಯಲ್ಲಿದ್ದ ಹಾಗೆ ಎಂದು ಊರಿನವರು ಹೇಳತೊಡಗಿದರು. ಇಂಥ ಮಾತು ಹೇಳುವವರು ದಡದಲ್ಲಿರುವವರು. ಮೊದಲು ಕಾರ್ಡು ಮುಗಿಯುತ್ತಿತ್ತು, ಈಗ ಸಿಗ್ನಲ್ಲು ಮುಗಿಯುತ್ತದೆ. ಮಾತು ನಿಲ್ಲುವುದು ಮುಕ್ಕಾಲಿನಲ್ಲಿಯೇ. ಮಗಳ ಪರೀಕ್ಷೆ, ಅತ್ತೆಯ ಸಾವು, ಮನೆಯ ಸೂರು ಹಾರಿದ ಚಂಡಮಾರುತ ಎಲ್ಲವೂ ದುಲ್ಫೊನಿಗೆ ಮುಕ್ಕಾಲು ಭಾಗ ಗೊತ್ತು. ನಾರ್ಮಿತಾ ಮನೆ ಕಟ್ಟಿಸಿದಳು, ಮಗಳನ್ನು ಓದಿಸಿದಳು, ಜಗಳವಾಡಿ ಬೇಲಿ ಸರಿಮಾಡಿಸಿದಳು. ಪ್ರತಿಯೊಂದಕ್ಕೂ ಅವನ ಒಪ್ಪಿಗೆ ಕೇಳಿದಳು, ಬರುವವರೆಗೆ ಕಾಯಲಿಲ್ಲ. ಈ ಒಂದು ವಿಷಯಕ್ಕಾದರೂ ಕಾಯಿಸಬೇಕು ಎಂದು ಅವನಿಗೆ ಹಠ.

ಬಂದರಿನಿಂದ ಊರಿಗೆ ಹೋಗುವ ದಾರಿಯ ಮೊದಲ ಅಂಗಡಿ ಹಗಲೂ ರಾತ್ರಿ ತೆರೆದಿರುವಂಥದು. ಗಾಜಿನ ಬಾಗಿಲ ಮೇಲೆ ವೈಫೈ ಗುರುತಿನ ಚೀಟಿ ಅಂಟಿಸಿತ್ತು. ದುಲ್ಫೊ ಬೆವರೊರೆಸಿಕೊಂಡು ಒಳಗೆ ಹೋದ. ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ಒಂದು ಅನ್ನದ ಉಂಡೆ ತೆಗೆದುಕೊಂಡ. ಗಲ್ಲಾದ ಹುಡುಗಿ ಏನೋ ಕೇಳಿದಳು, ಚೀಲ ಬೇಕೇ ಎಂದಿರಬೇಕು. ದುಲ್ಫೊ ಹುಬ್ಬೆತ್ತಿದ. ಹುಡುಗಿ ಕಾದಳು. ಮತ್ತೆ ಕೇಳಿದಳು. ಅವನು ಮತ್ತೆ ಹುಬ್ಬೆತ್ತಿದ. ಹಿಂದೆ ನಿಂತವರು ಕೆಮ್ಮಿದರು. ಜಪಾನಿನಲ್ಲಿ ಹುಬ್ಬಿಗೆ ಬೆಲೆಯಿಲ್ಲ ಎಂಬುದು ಅವನಿಗೆ ಪ್ರತಿ ಸಲವೂ ಮರೆತುಹೋಗುತ್ತಿತ್ತು.

"ವೈಫೈ," ಎಂದ ಅವನು, ಫೋನು ತೋರಿಸಿ.

ಹುಡುಗಿ ಎರಡು ಕೈಗಳನ್ನೂ ಎದೆಯ ಮುಂದೆ ಅಡ್ಡ ಹಿಡಿದು ಇಲ್ಲವೆಂದಳು. ಅವನು ಬಾಗಿಲ ಮೇಲಿನ ಚೀಟಿ ತೋರಿಸಿದ. ಹುಡುಗಿ ಚೀಟಿಯನ್ನು ನೋಡಿದಳು, ಅವನನ್ನು ನೋಡಿದಳು, ಸೊಂಟದವರೆಗೆ ಬಗ್ಗಿ ಕ್ಷಮೆ ಕೇಳಿದಳು. ವೈಫೈ ತೆಗೆದು ಬಹಳ ಕಾಲವಾಗಿತ್ತು, ಚೀಟಿ ತೆಗೆದಿರಲಿಲ್ಲ. ಅಷ್ಟು ವಿನಯದಿಂದ ಇಲ್ಲ ಅನ್ನಿಸಿಕೊಂಡರೆ ಜಗಳವಾಡಲೂ ಬರುವುದಿಲ್ಲ. ಅವನು ಅನ್ನದ ಉಂಡೆಯನ್ನು ಜೇಬಿಗೆ ತುರುಕಿಕೊಂಡು ಹೊರಗೆ ಬಂದ. ಗಿಂಬಾಲಿನಲ್ಲಿ ಈಗ ಹಂದಿಯನ್ನು ಬೆಂಕಿಯಿಂದ ಇಳಿಸಿರುತ್ತಾರೆ.

ರೈಲು ನಿಲ್ದಾಣದಲ್ಲಿ ವೈಫೈ ನಿಜವಾಗಿಯೂ ಇತ್ತು. ಪ್ರವಾಸಿಗರಿಗೆ ಸ್ವಾಗತವೆಂದು ಐದು ಭಾಷೆಗಳಲ್ಲಿ ಬರೆದಿತ್ತು. ಒಳಗೆ ಹೋಗಲು ಈಮೇಲ್ ವಿಳಾಸ ಕೊಡಬೇಕು. ಆ ಈಮೇಲಿಗೆ ಒಂದು ಕೊಂಡಿ ಬರುತ್ತದೆ. ಅದನ್ನು ಒತ್ತಿದರೆ ಬಾಗಿಲು ತೆರೆಯುತ್ತದೆ. ಈಮೇಲ್ ನೋಡಲೆಂದು ಸ್ವಲ್ಪ ಹೊತ್ತು ಇಂಟರ್ನೆಟ್ಟು ಬಿಡುತ್ತಾರೆ, ಅದೂ ಈಮೇಲ್ ಒಂದಕ್ಕೇ. ಧರ್ಮವಾಗಿ ಮಾಡಿದ ವ್ಯವಸ್ಥೆ. ದುಲ್ಫೊ ವಿಳಾಸ ಹಾಕಿದ, ಈಮೇಲ್ ತೆರೆದ. ಈಮೇಲ್ ಅವನನ್ನು ನಂಬಲಿಲ್ಲ. ನೀವು ಹೊಸ ದೇಶದಲ್ಲಿದ್ದೀರಿ, ನೀವೇ ಹೌದೋ ಅಲ್ಲವೋ ತಿಳಿಯಬೇಕು, ನಿಮ್ಮ ಫೋನಿಗೆ ಸಂಖ್ಯೆಯೊಂದನ್ನು ಕಳಿಸಿದ್ದೇವೆ ಎಂದಿತು. ಆ ಈಮೇಲ್ ಮಾಡಿಕೊಟ್ಟವಳು ಜೆಸೆಲ್. ಕೊಟ್ಟಿದ್ದ ಫೋನ್ ನಂಬರೂ ಜೆಸೆಲಳದೇ.

ಅಂದರೆ ಅವನಿಗೆ ಬೇಕಾದ ಸಂಖ್ಯೆ ಗಿಂಬಾಲಿನಲ್ಲಿ, ಮಗಳ ಕೈಯಲ್ಲಿತ್ತು. ಮಗಳನ್ನು ಮುಟ್ಟಲು ಆ ಸಂಖ್ಯೆ ಬೇಕಾಗಿತ್ತು. ದುಲ್ಫೊ ಇನ್ನೊಮ್ಮೆ ಕಳಿಸು ಎಂಬುದನ್ನು ಒತ್ತಿದ. ಮತ್ತೊಮ್ಮೆ ಒತ್ತಿದ. ಒತ್ತಿದಷ್ಟು ಸಲವೂ ಸಂಖ್ಯೆ ಸಮುದ್ರದಾಚೆಗೆ ಹೋಗಿ ಬಿದ್ದಿತು. ಕೊನೆಗೆ ಫೋನು, ನೀವು ತುಂಬಾ ಸಲ ಪ್ರಯತ್ನಿಸಿದ್ದೀರಿ, ನಾಳೆ ಬನ್ನಿ ಎಂದಿತು. ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಿದ್ದ ಮುದುಕಿಯೊಬ್ಬಳು ಅವನು ಯಾರನ್ನು ಬೈಯುತ್ತಿದ್ದಾನೆಂದು ಸುತ್ತ ನೋಡಿದಳು.

ಗ್ರಂಥಾಲಯ ತೆರೆದಿತ್ತು. ಅಲ್ಲಿನ ಕನ್ನಡಕದ ಮನುಷ್ಯನಿಗೆ ಸ್ವಲ್ಪ ಇಂಗ್ಲಿಷು ಬರುತ್ತಿತ್ತು, ಒಳ್ಳೆಯ ಮನಸ್ಸೂ ಇತ್ತು. ಗ್ರಂಥಾಲಯದ ಕಾರ್ಡು ಇದ್ದವರಿಗೆ ವೈಫೈ ಪುಕ್ಕಟೆ ಎಂದ. ಕಾರ್ಡು ಯಾರಿಗೆ ಬೇಕಾದರೂ ಸಿಗುತ್ತದೆ ಎಂದ. ಈ ಊರಿನಲ್ಲಿ ನಿಮ್ಮ ವಿಳಾಸ ಹೇಳಿ ಎಂದ. ದುಲ್ಫೊ ಕಿಟಕಿಯಲ್ಲಿ ಕಾಣುತ್ತಿದ್ದ ಹಡಗನ್ನು ತೋರಿಸಿದ. ಆ ಮನುಷ್ಯ ಹಡಗನ್ನು ಬಹಳ ಹೊತ್ತು ನೋಡಿದ. ಅದಕ್ಕೆ ಬೀದಿಯ ಹೆಸರೂ ಇಲ್ಲ, ಮನೆ ನಂಬರೂ ಇಲ್ಲ. "ಕ್ಷಮಿಸಿ," ಎಂದ, ನಿಜವಾದ ಸಂಕಟದಿಂದ.

ದುಲ್ಫೊ ಗ್ರಂಥಾಲಯದ ಹೊರಗೆ ಸೈಕಲ್ ನಿಲ್ಲಿಸುವ ಚಪ್ಪರದಡಿ ನಿಂತು ಫೋನನ್ನು ತಲೆಯ ಮೇಲೆತ್ತಿ, ಎಡಕ್ಕೆ ಬಲಕ್ಕೆ ತಿರುಗಿಸುತ್ತಿದ್ದ. ಲೆಚೊನ್ ಮೇಜಿನ ಮೇಲೆ ಬಂದಿರುತ್ತದೆ. ನಾರ್ಮಿತಾ ಬಾಳೆಎಲೆ ಮುಚ್ಚಿರುತ್ತಾಳೆ. ಮುಚ್ಚಬೇಡ ಎಂದು ಎಷ್ಟು ಸಲ ಹೇಳಿದರೂ ಮುಚ್ಚುತ್ತಾಳೆ.

"ಕುಯಾ, ಮಳೆ ಬರುತ್ತಾ ನೋಡ್ತಿದೀರಾ?"

ಸೈಕಲ್ಲಿನ ಮೇಲೆ ಒಂದು ಕಾಲೂರಿ ನಿಂತ ಹುಡುಗಿ, ಬುಟ್ಟಿಯ ತುಂಬ ಒಗೆಯುವ ಬಟ್ಟೆ. ಮಾತು ಅವನ ದೇಶದ್ದು. ಕುಯಾ ಎಂದರೆ ಅಣ್ಣ. ಅಪ್ಪನ ವಯಸ್ಸಿನವನನ್ನೂ ಹಾಗೆ ಕರೆದರೆ ಅವನು ಬೇಡವೆನ್ನುವುದಿಲ್ಲ.

"ನಾನು ನಿಮ್ಮ ಕಡೆಯವನು ಅಂತ ಹೇಗೆ ಗೊತ್ತಾಯ್ತಮ್ಮ?"

"ಭಾನುವಾರ ಇಸ್ತ್ರಿ ಅಂಗಿ ಹಾಕ್ಕೊಂಡು ಆಕಾಶಕ್ಕೆ ಫೋನು ಹಿಡಿಯೋರು ಈ ಊರಲ್ಲಿ ಇನ್ಯಾರಿದಾರೆ?" ಅವಳ ಹೆಸರು ಲೊರ್ಲಿ, ಊರು ಬೊಹೋಲ್, ಇಲ್ಲಿ ಮೀನು ಸೀಳುವ ಕಾರ್ಖಾನೆಯಲ್ಲಿ ಕೆಲಸ. "ನಿಲ್ದಾಣಕ್ಕೆ ಹೋದ್ರಾ?"

ದುಲ್ಫೊ ಹುಬ್ಬೆತ್ತಿದ. ಹಡಗಿನಿಂದ ಇಳಿದ ಮೇಲೆ ಮೊದಲ ಬಾರಿಗೆ ಅದು ಒಬ್ಬರಿಗೆ ಅರ್ಥವಾಯಿತು.

"ಲೈಬ್ರರಿಗೆ?"

ಮತ್ತೆ ಹುಬ್ಬು.

"ಎರಡೂ ಕಡೆ ಮರ್ಯಾದೆಯಾಗಿ ಕಳಿಸಿದ್ರಾ? ಬನ್ನಿ. ವೈಫೈ ಇರೋದು ಬಟ್ಟೆ ಒಗೆಯೋ ಅಂಗಡೀಲಿ. ಈಮೇಲ್ ಬೇಡ, ವಿಳಾಸ ಬೇಡ, ಏನೂ ಬೇಡ. ಮೀನು ಕಾರ್ಖಾನೆಯೋರೆಲ್ಲ ಅಲ್ಲೇ ಸೇರೋದು. ಒಗೆಯೋಕೆ ಬಟ್ಟೆ ಇಲ್ದಿದ್ರೂ ಹೋಗ್ತೀವಿ."

ನಾಣ್ಯ ಹಾಕಿ ಬಟ್ಟೆ ಒಗೆಯುವ ಆ ಅಂಗಡಿಯಲ್ಲಿ ಯಂತ್ರಗಳನ್ನು ಬಿಟ್ಟರೆ ಇದ್ದವನು ಒಬ್ಬನೇ, ತನ್ನ ಕಾಲುಚೀಲಗಳನ್ನು ಜೋಡಿ ಮಾಡುತ್ತಿದ್ದ ಜಪಾನಿ ಮುದುಕ. ಲೊರ್ಲಿ ಅಂಗಡಿಯ ನಿಯಮ ಹೇಳಿದಳು. ಫೋನಿನ ತೆರೆಯ ಮೇಲೆ ಬರುವ ಬಟನ್ ಒತ್ತಿದರೆ ಹದಿನೈದು ನಿಮಿಷ ವೈಫೈ. ಆಮೇಲೆ ಒಂದು ಸಲ ಬಟ್ಟೆ ಒಣಗುವಷ್ಟು ಹೊತ್ತು ಕಾಯಬೇಕು. ಒಂದು ಫೋನಿಗೆ ದಿನಕ್ಕೆ ಎರಡೇ ಸರದಿ. ತನ್ನ ಎರಡೂ ಬೆಳಿಗ್ಗೆಯೇ ಮುಗಿದವು.

"ಕುಯಾ, ಒತ್ತೋಕೆ ಮುಂಚೆ ಹಳೇ ಮೆಸೇಜೆಲ್ಲ ತಾವೇ ಇಳಿಯೋದನ್ನ ನಿಲ್ಲಿಸಿ. ಇಲ್ಲಾಂದ್ರೆ ಅವೇ ತಿಂದ್ಹಾಕ್ತವೆ."

"ನೀನು ಹುಟ್ಟೋಕೆ ಮುಂಚಿಂದ ಬಂದರು ಬಂದರಲ್ಲಿ ಫೋನು ಮಾಡ್ತಿದೀನಿ."

"ಸರಿ, ಹಾಗಾದ್ರೆ ಒತ್ತಿ."

ಅವನು ಒತ್ತಿದ. ಎರಡು ವಾರಗಳಿಂದ ಸಮುದ್ರದ ಮೇಲೆ ಕಾದಿದ್ದದ್ದೆಲ್ಲ ಒಮ್ಮೆಗೇ ಫೋನಿನೊಳಗೆ ನುಗ್ಗಿತು. ಅತ್ತಿಗೆ ಕಳಿಸಿದ ಶುಭೋದಯದ ಹೂವುಗಳು, ಸೋದರನ ಕೋಳಿಜಗಳದ ವೀಡಿಯೋಗಳು, ಚರ್ಚಿನ ಗುಂಪಿನಿಂದ ಬಂದ ಇಡೀ ಒಂದು ಪ್ರವಚನ. ಮೇಲೆ ಗೆರೆ ಓಡುತ್ತಲೇ ಇತ್ತು, ಕೆಳಗೆ ಕರೆ ಹೋಗಲಿಲ್ಲ. ಲೊರ್ಲಿ ತನ್ನ ಬಟ್ಟೆಗಳನ್ನು ಯಂತ್ರಕ್ಕೆ ತುಂಬಿದಳು.

ಕೊನೆಗೆ ಕರೆ ಹೋಯಿತು. ತೆರೆಯ ಮೇಲೆ ಅವನ ಮನೆ ಬಂತು: ಮೇಜು, ಮೇಜಿನ ಸುತ್ತ ಕೂತ ಜನ, ನಡುವೆ ಬಾಳೆಎಲೆ ಮುಚ್ಚಿದ ಲೆಚೊನ್, ಪಕ್ಕದಲ್ಲಿ ತೊಗರಿಕಾಳು ಹಲಸಿನಕಾಯಿಯ ಹುಳಿ ತುಂಬಿದ ಪಾತ್ರೆ. ಯಾರೋ ಫೋನನ್ನು ನೀರಿನ ಹೂಜಿಗೆ ಒರಗಿಸಿದ್ದರು. ನಾರ್ಮಿತಾ ಮುಂದಕ್ಕೆ ಬಗ್ಗಿದಳು. ಅವಳ ಹಿಂದೆ ಹುಡುಗನ ದೊಡ್ಡಪ್ಪ ಪೆರ್ಫೆಕ್ಟೊ, ಕತ್ತಿನವರೆಗೆ ಗುಂಡಿ ಹಾಕಿದ ಬಿಳಿ ಅಂಗಿಯಲ್ಲಿ, ಎದ್ದು ನಿಲ್ಲಲು ಸಿದ್ಧನಾಗಿದ್ದ.

"ದುಲ್ಫೊ! ಬಂದ್ಯಾ? ಎಲ್ಲರೂ ಹಸಿದು ಸಾಯ್ತಿದಾರೆ. ಕೇಳಿಸ್ತಾ ಇದೆಯಾ?"

ದುಲ್ಫೊ ಹುಬ್ಬೆತ್ತಿದ.

ಆಮೇಲೆ ಅವನು ಗಂಟಲು ಸರಿಮಾಡಿಕೊಂಡ. ಪೆರ್ಫೆಕ್ಟೊ ಕೇಳುವವರೆಗೆ ಕಾಯಬೇಕಾಗಿತ್ತು ನಿಜ; ಆದರೆ ಹದಿನೈದು ನಿಮಿಷದಲ್ಲಿ ಎಷ್ಟನ್ನು ಕೋಳಿಜಗಳ ತಿಂದಿದೆಯೋ ಗೊತ್ತಿರಲಿಲ್ಲ. "ಹಿರಿಯರ ಕ್ಷಮೆ ಇರಲಿ, ಮೊದಲು ನನ್ನ ಮಾತು," ಎಂದು ಶುರುಮಾಡಿದ. ಹಡಗಿನಲ್ಲಿ ಪಾತ್ರೆ ಉಜ್ಜುತ್ತಾ ಉಜ್ಜುತ್ತಾ ಬಾಯಿಪಾಠ ಮಾಡಿದ್ದ ಮಾತು. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು, ತನ್ನ ಅಡ್ಡಿಯಿಲ್ಲ. ಆದರೆ ಹಡಗಿನವನ ಹೆಂಡತಿ ಗಂಡನಿದ್ದೂ ಒಬ್ಬಳೇ ಬಾಳುವವಳು, ಇದನ್ನು ಬೇರೆಯವರಿಂದ ಕೇಳಬೇಕಿಲ್ಲ, ತನ್ನ ಹೆಂಡತಿಯನ್ನೇ ಕೇಳಿ. ಎಲ್ದ್ರಿನ್ ಹಡಗು ಹತ್ತುವುದಿಲ್ಲವೆಂದು ಈ ಮೇಜಿನ ಮುಂದೆ ಮಾತು ಕೊಡಲಿ. ಐಸ್ ಕಾರ್ಖಾನೆಯಲ್ಲಿ ಕೆಲಸ ಕಾದಿದೆ. ಮಾತು ಕೊಟ್ಟರೆ ಮಗಳನ್ನು ಕೊಡುತ್ತೇನೆ.

ಅವನು ಇದನ್ನು ಚೆನ್ನಾಗಿ ಹೇಳಿದ. ದನಿ ಎಲ್ಲಿಯೂ ನಡುಗಲಿಲ್ಲ. ಕಾಲುಚೀಲದ ಮುದುಕ ಕೆಲಸ ನಿಲ್ಲಿಸಿ ಕೇಳಿದ. ಮೇಜಿನ ಸುತ್ತಲಿನವರೂ ಅಲುಗದೆ ಕೇಳುತ್ತಿದ್ದರು, ಅಷ್ಟು ಗಮನವಿಟ್ಟು ಅವನ ಮಾತನ್ನು ಅವರು ಎಂದೂ ಕೇಳಿದವರಲ್ಲ. ಆಗ ಅವನ ಕಣ್ಣು ಬಾಳೆಎಲೆಯ ಮೇಲೆ ಕೂತ ನೊಣದ ಮೇಲೆ ಬಿತ್ತು. ಅಡುಗೆಯವನ ಕಣ್ಣು, ನೊಣ ಎಲ್ಲಿದ್ದರೂ ಕಾಣುತ್ತದೆ. ನೊಣ ಕದಲಲಿಲ್ಲ. ಎಷ್ಟು ಹೊತ್ತು ನೋಡಿದರೂ ಕದಲಲಿಲ್ಲ.

"ಕುಯಾ," ಎಂದಳು ಲೊರ್ಲಿ ಹಿಂದಿನಿಂದ, "ಭಾಷಣ ಚೆನ್ನಾಗಿತ್ತು. ಆದ್ರೆ ಅದು ಶುರುವಾಗೋಕೆ ಮುಂಚೇನೇ ಕಟ್ಟಾಗಿದೆ."

ಬಟ್ಟೆ ಒಣಗುವಷ್ಟು ಹೊತ್ತು ಎಂದರೆ ಎಷ್ಟೆಂದು ಬಟ್ಟೆ ಒಣಗಿಸುವವರಿಗೆ ಗೊತ್ತಿರುವುದಿಲ್ಲ, ಕಾಯುವವರಿಗೆ ಗೊತ್ತು. ದುಲ್ಫೊ ಗಾಜಿನ ಹಿಂದೆ ಲೊರ್ಲಿಯ ನೀಲಿ ಕೆಲಸದ ಅಂಗಿಗಳು ಮೇಲೇರಿ ಕೆಳಗೆ ಬೀಳುವುದನ್ನು ನೋಡುತ್ತ ಕೂತ. ಜೇಬಿನ ಅನ್ನದ ಉಂಡೆ ಹಿಸುಕಿಹೋಗಿತ್ತು, ಅದನ್ನು ತಿಂದ. ಅಕ್ಕಿ ಒಳ್ಳೆಯದು, ಉಪ್ಪು ಕಡಿಮೆ. ಅವರು ತನ್ನ ಅಪ್ಪಣೆ ಮೀರಿ ಊಟ ಮಾಡುವುದಿಲ್ಲ ಎಂಬ ಒಂದು ಧೈರ್ಯವಿತ್ತು. ನಾರ್ಮಿತಾ ಏನನ್ನಾದರೂ ಮಾಡಿಯಾಳು, ಆದರೆ ಗಂಡಿನವರೆದುರು ಗಂಡನ ಮಾತು ಕೆಳಗೆ ಹಾಕುವವಳಲ್ಲ. ಈ ಸಲ ಲೊರ್ಲಿ ಹೇಳುವ ಮೊದಲೇ ಅವನು ಫೋನನ್ನು ಅವಳ ಕೈಗೆ ಕೊಟ್ಟ. ಅವಳು ಇಳಿಯುವುದನ್ನೆಲ್ಲ ನಿಲ್ಲಿಸಿ ವಾಪಸು ಕೊಟ್ಟಳು.

ಎರಡನೆಯ ಸಲ ಕರೆ ಒಮ್ಮೆಗೇ ಹೋಯಿತು. ಚಿತ್ರ ಬರುವ ಮೊದಲು ಸದ್ದು ಬಂತು: ಕಟಂ ಎಂದು ಏನೋ ಹಲ್ಲಿನಡಿ ಮುರಿದ ಸದ್ದು. ದುಲ್ಫೊನಿಗೆ ಅದೇನೆಂದು ಹೇಳಬೇಕಾಗಿರಲಿಲ್ಲ. ಆಮೇಲೆ ಚಿತ್ರ ಬಂತು. ಲೆಚೊನಿನ ಒಂದು ಪಕ್ಕ ಪೂರ್ತಿ ಹೋಗಿತ್ತು. ನಾರ್ಮಿತಾ ಬಾಯಿ ತುಂಬಿಕೊಂಡಿದ್ದಳು.

"ಏನ್ ಮಾಡ್ತಿದೀರಿ?" ಎಂದು ಅವನು ಕೂಗಿದ.

"ಊಟ. ಇಷ್ಟು ಹೊತ್ತಿಗೆ ಜನ ಇನ್ನೇನು ಮಾಡ್ತಾರೆ?"

"ನಾನು ಹೂಂ ಅನ್ನೋವರೆಗೆ ಮುಟ್ಟಬಾರದು ಅಂದಿರ್ಲಿಲ್ವಾ?"

"ಅಂದಿದ್ದೆ. ಪೆರ್ಫೆಕ್ಟೊ ಅಣ್ಣ ಎದ್ದು ನಿಂತು ಶಾಸ್ತ್ರವಾಗಿ ಕೇಳಿದ್ರು. ನೀನು ಹು‍ಬ್ಬೆತ್ತಿದ್ದೆ. ಮನೆ ತುಂಬ ಜನ ನೋಡಿದೀವಿ. ಕಿಟಕೀಲಿ ನಿಂತಿದ್ದ ಪಕ್ಕದ ಮನೆಯೋರೂ ನೋಡಿದಾರೆ."

"ಅದು ನೀನು ಕೇಳಿಸ್ತಾ ಇದೆಯಾ ಅಂದಿದ್ದಕ್ಕೆ ಎತ್ತಿದ್ದು!"

"ಯಾವುದಕ್ಕೆ ಎತ್ತಿದ್ಯೋ ನನಗೇನು ಗೊತ್ತು? ಅವರು ಕೇಳಿ ಮುಗಿಸಿದಾಗ್ಲೂ ಎತ್ತೇ ಇತ್ತು."

ಪೆರ್ಫೆಕ್ಟೊ ಕೈ ಒರೆಸಿಕೊಂಡು ಫೋನಿನ ಹತ್ತಿರ ಬಂದ. ಅವನ ಮುಖ ಸಂತೋಷದಿಂದಲೂ ಎಣ್ಣೆಯಿಂದಲೂ ಹೊಳೆಯುತ್ತಿತ್ತು. "ಬೀಗರೇ, ಹೆಣ್ಣಿನ ಅಪ್ಪಂದಿರು ಎಷ್ಟು ಕುಣಿಸ್ತಾರೆ ಅಂತ ನನಗೆ ಗೊತ್ತು, ಈ ಕೆಲಸಕ್ಕೆ ನಾಲ್ಕು ಮನೆ ತಿರುಗಿದೀನಿ. ನೀವು ಒಂದು ಸಲ ಎತ್ತಿದ ಹುಬ್ಬು ಇಳಿಸ್ಲೇ ಇಲ್ಲ! ಇಂಥ ಒಪ್ಪಿಗೆ ನಾನು ಎಲ್ಲೂ ಕಂಡಿಲ್ಲ."

ಮೇಜಿನ ಸುತ್ತ ನಗು ಎದ್ದಿತು. ದುಲ್ಫೊ ನಗಲಿಲ್ಲ.

"ನನ್ನದೊಂದು ಷರತ್ತಿದೆ," ಎಂದ.

ನಗು ನಿಂತಿತು. ನಾರ್ಮಿತಾ ಬಾಯಲ್ಲಿದ್ದದ್ದನ್ನು ನುಂಗಿದಳು. "ಈಗಾ? ಹಂದಿ ಅರ್ಧ ಮುಗಿದ ಮೇಲೆ? ನೀನೇ ಅಡುಗೆಯೋನು, ಹೇಳು. ತಿಂದಿದ್ದನ್ನ ತಟ್ಟೆಗೆ ವಾಪಸು ಹಾಕೋಕಾಗುತ್ತಾ?"

"ಎಲ್ದ್ರಿನ್ ಹಡಗು ಹತ್ತಬಾರದು."

ಯಾರೂ ಮಾತಾಡಲಿಲ್ಲ. ದುಲ್ಫೊ ಹೆದರಿ ನೊಣವನ್ನು ಹುಡುಕಿದ. ನೊಣ ಹುಳಿಯ ಪಾತ್ರೆಯ ಕಡೆಗೆ ಹಾರಿತು. ಹಾಗಾದರೆ ಚಿತ್ರ ನಿಂತಿರಲಿಲ್ಲ, ಅವರೇ ಸುಮ್ಮನಿದ್ದರು.

ಎಲ್ದ್ರಿನ್ ಎದ್ದು ನಿಂತ. ತೆಳ್ಳಗಿನ ಹುಡುಗ, ಕಿವಿ ಕೆಂಪಾಗಿದ್ದವು. "ತಿಯೊ," ಎಂದ, ಮಾವ ಎನ್ನುವ ಹಾಗೆ, "ಹಡಗು ಸಿಕ್ಕಿಬಿಟ್ಟಿದೆ. ಮೊನ್ನೆ ಡಾಕ್ಟರು ನೋಡಿ ಕರಾರಿಗೆ ಸೈನೂ ಆಯ್ತು. ಮರದ ಚಕ್ಕೆ ಹಡಗು, ನಿಮ್ಮ ಥರದ್ದೇ. ನಿಮಗೆ ಖುಷಿಯಾಗುತ್ತೆ ಅಂದ್ಕೊಂಡಿದ್ದೆ."

"ಐಸ್ ಕಾರ್ಖಾನೇಲಿ ಕೆಲಸ..."

"ಗೊತ್ತು ಪಾಪಾ," ಎಂದಳು ಜೆಸೆಲ್. ಅವಳು ಇಷ್ಟು ಹೊತ್ತೂ ಫೋನಿನ ಕಡೆ ನೋಡಿರಲಿಲ್ಲ. "ಮ್ಯಾನೇಜರ್ ಹೆಂಡತಿ ನನ್ನ ಜೊತೆ ಚರ್ಚಲ್ಲಿ ಹಾಡ್ತಾಳೆ. ನೀನು ಏನು ಹೇಳ್ತೀಯ ಅಂತ ತಿಂಗಳಿಂದ ಗೊತ್ತಿತ್ತು. ಈಮೇಲ್ ಸಂಖ್ಯೆಗಳೂ ಬಂದ್ವು, ಒಂದರ ಹಿಂದೆ ಒಂದು. ಎಲ್ಲೋ ನಿಂತು ಯಾರನ್ನೋ ಬೈತಿದೀಯ ಅಂತ ಅಮ್ಮನಿಗೆ ಹೇಳಿದೆ."

"ಹಡಗಿನವನ ಹೆಂಡತಿ ಆಗೋದು ಅಂದ್ರೆ ಏನು ಅಂತ ನಿನಗೆ ಗೊತ್ತಾ?"

"ನಿನಗಿಂತ ಚೆನ್ನಾಗಿ ಗೊತ್ತು. ಈ ಮನೇಲಿ ಬೆಳೆದೋಳು ನಾನು, ನೀನಲ್ಲ."

ದುಲ್ಫೊನ ಹತ್ತಿರ ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ನಾರ್ಮಿತಾಳಿಗೆ ಫೋನು ಅಷ್ಟಕ್ಕಷ್ಟೆ. ಪೆರ್ಫೆಕ್ಟೊನಿಗೆ ಅದೂ ಇಲ್ಲ. ಆದರೆ ಈ ಹುಡುಗಿ ಊರಿನ ಎಲ್ಲರ ಫೋನು ಸರಿಮಾಡಿಕೊಡುವವಳು.

"ಜೆಸೆಲ್," ಎಂದ, "ನನ್ನ ಚಿತ್ರ ನಿಂತ್ಹೋಗಿದೆ ಅಂತ ನಿನಗೆ ಗೊತ್ತಿತ್ತಾ?"

ಜೆಸೆಲ್ ಅವನನ್ನು ನೇರವಾಗಿ ನೋಡಿದಳು. ಎರಡೂ ಹುಬ್ಬೆತ್ತಿದಳು.

ಅಲ್ಲಿಗೆ ಹದಿನೈದು ನಿಮಿಷ ಮುಗಿಯಿತು. ಈ ಸಲ ತೆರೆಯ ಮೇಲೆ ಹುಬ್ಬೆತ್ತಿಕೊಂಡು ನಿಂತವಳು ಅವಳು. ಬಟನ್ ಬೂದಿಬಣ್ಣಕ್ಕೆ ತಿರುಗಿ, ಇಂದಿನ ಸರದಿ ಮುಗಿದಿದೆ, ಬಂದದ್ದಕ್ಕೆ ಧನ್ಯವಾದ ಎಂದಿತು. ದುಲ್ಫೊ ಅದನ್ನು ಒತ್ತಿದ, ಮತ್ತೆ ಒತ್ತಿದ, ಹೆಬ್ಬೆರಳು ನೋಯುವವರೆಗೆ ಒತ್ತಿದ. ಫೋನನ್ನು ಒಗೆಯುವ ಯಂತ್ರದೊಳಕ್ಕೆ ಎಸೆಯುವವನ ಹಾಗೆ ಕೈ ಎತ್ತಿದ. ಕಾಲುಚೀಲದ ಮುದುಕ ಪಕ್ಕಕ್ಕೆ ಸರಿದ.

"ಎಸೀಬೇಡಿ ಕುಯಾ," ಎಂದಳು ಲೊರ್ಲಿ, ಬೆಚ್ಚಗಿನ ಅಂಗಿಗಳನ್ನು ಮಡಿಸುತ್ತಾ. "ಮದುವೆ ದಿನ ಯಾವ ಬಂದರಲ್ಲಿರ್ತೀರೋ."

ಅವನು ಬಂದ ದಾರಿಯಲ್ಲೇ ವಾಪಸು ನಡೆದ. ಗ್ರಂಥಾಲಯ ಮುಚ್ಚಿತ್ತು. ನಿಲ್ದಾಣದಲ್ಲಿ ಐದು ಭಾಷೆಗಳ ಸ್ವಾಗತ ಹಾಗೆಯೇ ಇತ್ತು. ಹಗಲೂ ರಾತ್ರಿ ತೆರೆದಿರುವ ಅಂಗಡಿಯ ಮುಂದೆ ಒಂದು ಕ್ಷಣ ನಿಂತು, ಗಾಜಿನ ಬಾಗಿಲ ಮೇಲಿನ ವೈಫೈ ಚೀಟಿಯ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಪೂರ್ತಿ ಕಿತ್ತು, ಮುದ್ದೆ ಮಾಡಿ ಜೇಬಿಗೆ ಹಾಕಿಕೊಂಡ. ಒಳಗಿನ ಹುಡುಗಿ ನೋಡಿದಳು. ಏನೆಂದುಕೊಂಡಳೋ, ತಲೆ ಬಾಗಿಸಿದಳು.

ಹಡಗಿನ ಏಣಿಯ ಮೇಲೆ ಸಬಾಸ್ ಕಾಯುತ್ತಿದ್ದ. ದುಲ್ಫೊ ಅವನನ್ನು ದಾಟಿ ಅಡುಗೆಮನೆಗೆ ಹೋಗಿ, ಇಸ್ತ್ರಿ ಅಂಗಿಯ ಮೇಲೇ ಏಪ್ರನ್ ಕಟ್ಟಿಕೊಂಡು, ಉಪ್ಪು ಹಚ್ಚಿಟ್ಟಿದ್ದ ಮೀನನ್ನು ಹೊರಗೆ ತೆಗೆದ. ಒಂದು ಕಡಿಮೆಯಿತ್ತು. ಅದನ್ನೂ ಯಾರೋ ಮುಟ್ಟಿದ್ದರು. ಸಬಾಸ್ ಬಾಗಿಲಲ್ಲಿ ಬಂದು ನಿಂತ.

"ಏನಾಯ್ತು ಮಯೋರ್? ಷರತ್ತು ಹೇಳಿದ್ಯಾ, ಇಲ್ಲಾ ಸುಮ್ನೆ ಒಪ್ಕೊಂಡು ಬಂದ್ಯಾ?"

ದುಲ್ಫೊ ಮೀನನ್ನು ಹಲಗೆಯ ಮೇಲಿಟ್ಟು ಚಾಕು ಹುಡುಕಿದ. ಹುಬ್ಬನ್ನು ಎತ್ತಲಿಲ್ಲ.

"ಒಪ್ಪಿದೆನಂತೆ," ಎಂದ.